ಅಳಿವೆಯ ಕೋಪಿಪಾಡ್ ಒಂದನ್ನು ಗುರುತಿಸಿ ವಿವರಿಸಿದ ಕೆಲಸದ ದಾಖಲೆ

ಅಳಿವೆಯ ನೀರಿನಲ್ಲಿ ಪ್ಲಾಂಕ್ಟನ್ ಬಲೆ ಎಳೆದು ತಂದ ಮಾದರಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಕೋಪಿಪಾಡ್ ಯಾವ ಪ್ರಭೇದದ್ದು ಎಂದು ತಿಳಿದು, ಅದರ ಹೆಣ್ಣು ಮತ್ತು ಗಂಡು ಎರಡರ ಪೂರ್ಣ ವಿವರಣೆಯನ್ನು ಚಿತ್ರಗಳ ಸಮೇತ ಸಿದ್ಧಪಡಿಸುವುದು ಈ ಕೆಲಸದ ಗುರಿಯಾಗಿತ್ತು. ಕೋಪಿಪಾಡ್‌ಗಳು ಸೀಗಡಿ ಮತ್ತು ಏಡಿಗಳ ಸಂಬಂಧಿಗಳಾದ ಕಠಿಣಚರ್ಮಿಗಳು. ಹತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳಿಗೆ ಈಗಾಗಲೇ ಹೆಸರಿಡಲಾಗಿದೆ. ಸಮುದ್ರದ ಸೂಕ್ಷ್ಮ ಪಾಚಿಯನ್ನು ತಿಂದು ಬೆಳೆಯುವ ಇವನ್ನೇ ಅಸಂಖ್ಯ ಮೀನುಮರಿಗಳು ತಿಂದು ಬೆಳೆಯುತ್ತವೆ. ಆದುದರಿಂದ ಒಂದು ನೀರಿನಲ್ಲಿ ಯಾವ ಪ್ರಭೇದವಿದೆ ಎಂಬ ಪ್ರಶ್ನೆಗೆ ಸಡಿಲವಾದ ಉತ್ತರ ಕೊಟ್ಟರೆ, ಆ ನೀರಿನ ಬಗ್ಗೆ ಮುಂದೆ ಮಾಡುವ ಲೆಕ್ಕಗಳೆಲ್ಲ ಸಡಿಲವಾಗುತ್ತವೆ.

ಈ ಕೆಲಸದ ಕ್ರಮವನ್ನು ನಿರ್ಧರಿಸುವ ಸಂಗತಿ ಒಂದೇ: ಪ್ರಾಣಿಯನ್ನು ವಿವರಿಸಬೇಕಾದರೆ ಅದರ ಅಂಗಗಳನ್ನು ಒಂದೊಂದಾಗಿ ಬಿಡಿಸಿ ಬೇರ್ಪಡಿಸಲೇಬೇಕು, ಬಿಡಿಸಿದ ಮೇಲೆ ಇಡೀ ಪ್ರಾಣಿಯನ್ನು ಮತ್ತೆ ನೋಡಲಾಗುವುದಿಲ್ಲ. ಇಡಿಯಾಗಿದ್ದಾಗ ಅಳೆಯಬೇಕಾದುದನ್ನು ಆಗಲೇ ಅಳೆಯಬೇಕು, ಬರೆಯಬೇಕಾದುದನ್ನು ಆಗಲೇ ಬರೆಯಬೇಕು. ಕೆಳಗಿನ ದಾಖಲೆಯಲ್ಲಿ ಕೆಲವು ಹಂತಗಳನ್ನು ದೀರ್ಘವಾಗಿ ಹೇಳಿರುವುದಕ್ಕೂ ಕೆಲವನ್ನು ಬೇಗ ದಾಟಿರುವುದಕ್ಕೂ ಇದೇ ಕಾರಣ.

ಬಲೆಯಿಂದ ಸೀಸೆಗೆ

ಬಲೆಯ ಕಣ್ಣಿನ ಅಳತೆಯೇ ಮೊದಲ ಆಯ್ಕೆ. ಕಡಲ ಪ್ಲಾಂಕ್ಟನ್ ಹಿಡಿಯಲು ಬಹುಕಾಲದಿಂದ ಬಳಕೆಯಲ್ಲಿರುವುದು 200 ಮೈಕ್ರೋಮೀಟರ್ ಕಣ್ಣಿನ ಬಲೆ. ನನ್ನ ಗುರಿಯಾಗಿದ್ದ ಪ್ರಾಣಿಯ ಪ್ರೌಢ ರೂಪಗಳು ಅದರಲ್ಲಿ ಉಳಿಯುತ್ತವೆಯಾದರೂ ಎಳೆಯ ಹಂತಗಳಲ್ಲಿ ಹೆಚ್ಚಿನವು ಸೋರಿಹೋಗುತ್ತವೆ. ಕೋಪಿಪಾಡ್‌ಗಳು ಮೊಟ್ಟೆಯಿಂದ ಹೊರಬಂದ ಮೇಲೆ ಸಾಮಾನ್ಯವಾಗಿ ಆರು ನಾಪ್ಲಿಯಸ್ ಹಂತಗಳನ್ನೂ ಐದು ಕೋಪಿಪಾಡಿಡ್ ಹಂತಗಳನ್ನೂ ದಾಟಿ ಪ್ರೌಢವಾಗುತ್ತವೆ. ಪ್ರೌಢವೆಂದು ತೋರುವ ಪ್ರಾಣಿ ನಿಜಕ್ಕೂ ಪ್ರೌಢವೇ ಎಂದು ಖಚಿತಪಡಿಸಿಕೊಳ್ಳಲು ಅದರ ಹಿಂದಿನ ಹಂತವೂ ಕೈಯಲ್ಲಿರುವುದು ಒಳ್ಳೆಯದು. ಆ ಕಾರಣಕ್ಕೆ 100 ಮೈಕ್ರೋಮೀಟರ್ ಕಣ್ಣಿನ ಬಲೆಯನ್ನು ಆರಿಸಿಕೊಂಡು, ಅದು ಪಾಚಿಯಿಂದ ಬೇಗ ಕಟ್ಟಿಕೊಳ್ಳುವುದರಿಂದ ನಿಧಾನವಾಗಿ, ಕಡಿಮೆ ದೂರ ಎಳೆದೆ. ಎಳೆದ ಕೂಡಲೇ ನೀರಿನ ಉಷ್ಣತೆ ಮತ್ತು ಲವಣಾಂಶವನ್ನು ಅಳೆದು ಬರೆದುಕೊಂಡೆ. ಈ ಎರಡನೆಯ ಸಂಖ್ಯೆ ಎಷ್ಟು ಮುಖ್ಯವೆಂಬುದು ಕೆಲಸದ ಕೊನೆಯ ಭಾಗದಲ್ಲಿ ಕಾಣುತ್ತದೆ.

ಮಾದರಿಯನ್ನು ಆರಂಭದಲ್ಲಿಯೇ ಎರಡು ಪಾಲು ಮಾಡಬೇಕು. ಒಂದು ಪಾಲಿಗೆ ಬೋರಾಕ್ಸ್ ಸೇರಿಸಿ ಆಮ್ಲೀಯತೆ ತೆಗೆದ ಫಾರ್ಮಾಲಿನ್ ಹಾಕಬೇಕು. ಒಂಬತ್ತು ಪಾಲು ಸಮುದ್ರದ ನೀರಿಗೆ ಒಂದು ಪಾಲು ಗಾಢ ಫಾರ್ಮಾಲಿನ್ ಬೆರೆಸಿದರೆ ಸುಮಾರು 4 ಪ್ರತಿಶತ ಫಾರ್ಮಾಲ್ಡಿಹೈಡ್ ಆಗುತ್ತದೆ. ಇದರಲ್ಲಿ ದೇಹದ ಆಕಾರ ಚೆನ್ನಾಗಿ ಉಳಿಯುತ್ತದೆ, ಆದರೆ ಡಿಎನ್‌ಎ ಕೆಡುತ್ತದೆ. ಇನ್ನೊಂದು ಪಾಲನ್ನು 95 ಪ್ರತಿಶತ ಎಥನಾಲ್‌ನಲ್ಲಿಟ್ಟರೆ ಡಿಎನ್‌ಎ ಉಳಿಯುತ್ತದೆ, ದೇಹ ಮಾತ್ರ ಸ್ವಲ್ಪ ಕುಗ್ಗಿ ಪೆಡಸಾಗುತ್ತದೆ. ಪ್ರಾಣಿಗಳ ಮೈಯಲ್ಲಿರುವ ನೀರು ಎಥನಾಲನ್ನು ತೆಳುಗೊಳಿಸುವುದರಿಂದ ಒಂದು ದಿನದೊಳಗೆ ಅದನ್ನು ಚೆಲ್ಲಿ ಹೊಸದನ್ನು ತುಂಬಬೇಕು. ಫಾರ್ಮಾಲಿನ್ ಆವಿ ಕಣ್ಣಿಗೂ ಶ್ವಾಸಕ್ಕೂ ಹಾನಿಕರ. ವಿಂಗಡಿಸಲು ಕೂರುವ ಮೊದಲು ಆ ಪಾಲನ್ನು ಸೋಸಿ, ನೀರಿನಲ್ಲಿ ಚೆನ್ನಾಗಿ ತೊಳೆಯದೆ ಸೂಕ್ಷ್ಮದರ್ಶಕದ ಕೆಳಗೆ ಇಡಬಾರದು.

ಮೊದಲ ವಿಂಗಡಣೆ

ಕಡಿಮೆ ವರ್ಧನೆಯ ಸ್ಟೀರಿಯೋ ಸೂಕ್ಷ್ಮದರ್ಶಕದಲ್ಲಿ ಮೊದಲು ನೋಡಬೇಕಾದುದು ದೇಹ ಎಲ್ಲಿ ಮಡಚುತ್ತದೆ ಎಂಬುದನ್ನು. ಕೋಪಿಪಾಡ್‌ನ ದೇಹಕ್ಕೆ ಮುಂದೆ ಅಗಲವಾದ ಪ್ರೋಸೋಮ್, ಹಿಂದೆ ಸಪೂರವಾದ ಯುರೋಸೋಮ್ ಎಂಬ ಎರಡು ಭಾಗಗಳಿವೆ. ಐದನೆಯ ಕಾಲುಜೋಡಿಯ ಖಂಡ ಮುಂಭಾಗದಲ್ಲಿಯೇ ಉಳಿದು, ಕೀಲು ಅದರ ಹಿಂದೆ ಬಂದರೆ ಪ್ರಾಣಿ ಕ್ಯಾಲನಾಯ್ಡಾ ಗಣಕ್ಕೆ ಸೇರುತ್ತದೆ. ಕೀಲು ನಾಲ್ಕನೆಯ ಮತ್ತು ಐದನೆಯ ಕಾಲುಗಳ ಖಂಡಗಳ ನಡುವೆ ಬಂದರೆ ಸೈಕ್ಲೋಪಾಯ್ಡಾ, ಹಾರ್ಪಾಕ್ಟಿಕಾಯ್ಡಾ ಮುಂತಾದ ಗಣಗಳ ಕಡೆಗೆ ಹೋಗಬೇಕು. ನನ್ನ ಮಾದರಿಯ ಬಹುಪಾಲು ಪ್ರಾಣಿಗಳ ಕೀಲು ಐದನೆಯ ಖಂಡದ ಹಿಂದಿತ್ತು, ಕುಡಿಮೀಸೆಗಳು ಉದ್ದವಾಗಿದ್ದವು, ಕ್ಯಾಲನಾಯ್ಡಾ ಎಂಬುದರಲ್ಲಿ ಸಂದೇಹವಿರಲಿಲ್ಲ.

ಮುಂದಿನ ಸುಳಿವುಗಳು ಕೂಡ ಇದೇ ವರ್ಧನೆಯಲ್ಲಿ ದೊರೆತವು. ಹೆಣ್ಣುಗಳಲ್ಲಿ ಒಂದಕ್ಕೂ ಮೊಟ್ಟೆಚೀಲವಿರಲಿಲ್ಲ. ಅಳಿವೆಗಳಲ್ಲಿ ಸಾಮಾನ್ಯವಾದ ಸ್ಯೂಡೋಡಯಾಪ್ಟೋಮಸ್ ಮತ್ತು ಯೂರಿಟೆಮೋರಾ ಕುಲಗಳ ಹೆಣ್ಣುಗಳು ಮೊಟ್ಟೆಗಳನ್ನು ಚೀಲದಲ್ಲಿ ಹೊತ್ತು ತಿರುಗುತ್ತವೆ. ಅಕಾರ್ಟಿಯಾ ಕುಲದವು ಮೊಟ್ಟೆಗಳನ್ನು ನೇರವಾಗಿ ನೀರಿಗೆ ಬಿಡುತ್ತವೆ. ಬಲೆಯಲ್ಲಿ ಚೀಲ ಕಳಚಿಹೋಗುವುದೂ ಉಂಟಾದ್ದರಿಂದ ಇದೊಂದನ್ನೇ ನಂಬುವಂತಿಲ್ಲ. ಆದರೆ ಕುಡಿಮೀಸೆಗಳು ಗಂಟುಗಂಟಾಗಿ, ಉದ್ದನೆಯ ಬಿರುಗೂದಲುಗಳನ್ನು ಎಲ್ಲೆಡೆಗೂ ಚಾಚಿಕೊಂಡಿದ್ದುದು, ಹೆಣ್ಣಿನ ಯುರೋಸೋಮ್‌ನಲ್ಲಿ ಮೂರೇ ಖಂಡಗಳೂ ಗಂಡಿನದರಲ್ಲಿ ಐದು ಖಂಡಗಳೂ ಇದ್ದುದು, ತಲೆಯ ಹಿಂದೆ ಮೊದಲ ಕಾಲಿನ ಖಂಡ ಬೇರೆಯಾಗಿಯೂ ನಾಲ್ಕನೆಯ ಮತ್ತು ಐದನೆಯ ಕಾಲುಗಳ ಖಂಡಗಳು ಒಂದಾಗಿಯೂ ಇದ್ದುದು, ಇವೆಲ್ಲ ಸೇರಿ ಅಕಾರ್ಟಿಯಿಡೇ ಕುಟುಂಬವನ್ನೇ ತೋರಿಸಿದವು.

ಇಲ್ಲಿ ಪ್ರೌಢತೆಯನ್ನು ಪರೀಕ್ಷಿಸಬೇಕು. ಐದನೆಯ ಕೋಪಿಪಾಡಿಡ್ ಹಂತದ ಪ್ರಾಣಿ ಗಾತ್ರದಲ್ಲಿ ಪ್ರೌಢ ಪ್ರಾಣಿಗೆ ತೀರ ಹತ್ತಿರವಿರುತ್ತದೆ, ಆದರೆ ಅದರ ಐದನೆಯ ಕಾಲು ಇನ್ನೂ ಅಪೂರ್ಣವಾಗಿರುತ್ತದೆ. ಪ್ರಭೇದವನ್ನು ನಿರ್ಣಯಿಸುವುದು ಬಹುತೇಕ ಆ ಕಾಲೇ ಆದ್ದರಿಂದ ಎಳೆಯ ಪ್ರಾಣಿಯ ಕಾಲನ್ನು ಚಿತ್ರಿಸಿದರೆ ಇಲ್ಲದ ಪ್ರಭೇದವೊಂದು ಕಾಗದದ ಮೇಲೆ ಹುಟ್ಟಿಬಿಡುತ್ತದೆ. ಗಂಡಿನ ವಿಷಯದಲ್ಲಿ ಪರೀಕ್ಷೆ ಸುಲಭ: ಪ್ರೌಢ ಗಂಡಿನ ಬಲಗಡೆಯ ಕುಡಿಮೀಸೆಯಲ್ಲಿ ಹೆಣ್ಣನ್ನು ಹಿಡಿಯಲು ಒಂದು ಮಡಚುವ ಕೀಲು ಇರುತ್ತದೆ. ಹೆಣ್ಣಿನಲ್ಲಿ ಜನನಖಂಡದ ಕೆಳಮೈಯಲ್ಲಿ ರಂಧ್ರ ಪೂರ್ಣವಾಗಿ ರೂಪುಗೊಂಡಿದೆಯೇ ಎಂದು ನೋಡಬೇಕು. ಗಂಡು ಅಂಟಿಸಿದ ವೀರ್ಯದ ಪುಟ್ಟ ಚೀಲ ಕೆಲವು ಹೆಣ್ಣುಗಳ ಜನನಖಂಡಕ್ಕೆ ಇನ್ನೂ ಅಂಟಿಕೊಂಡಿತ್ತು. ಪ್ರೌಢತೆಗೆ ಅದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಅಂಥ ಹೆಣ್ಣುಗಳನ್ನು ಬೇರೆ ಕುಪ್ಪಿಯಲ್ಲಿಟ್ಟು ವಿವರಣೆಗೆ ಅವನ್ನೇ ಬಳಸಿದೆ.

ಸೂಜಿಗಳು ಮತ್ತು ಅಳತೆಗೋಲು

ಒಂದು ಮಿಲಿಮೀಟರ್ ಉದ್ದದ ಪ್ರಾಣಿಯಿಂದ ಕಾಲುಗಳನ್ನು ಬಿಡಿಸಲು ಹೊಲಿಗೆಸೂಜಿಯಾಗಲೀ ಕೀಟಗಳಿಗೆ ಚುಚ್ಚುವ ಸಾಧಾರಣ ಪಿನ್ನಾಗಲೀ ಸಾಲದು. ಅವುಗಳ ತುದಿಯೇ ಇಲ್ಲಿನ ಕಾಲಿಗಿಂತ ದಪ್ಪ. ಟಂಗ್‌ಸ್ಟನ್ ತಂತಿಯನ್ನು ವಿದ್ಯುತ್‌ರಾಸಾಯನಿಕವಾಗಿ ಸವೆಸಿ ಸೂಜಿ ಮಾಡಿಕೊಳ್ಳುವುದು ಹಳೆಯ, ನಂಬಬಹುದಾದ ವಿಧಾನ. ಕಾಲು ಮಿಲಿಮೀಟರ್ ದಪ್ಪದ ತಂತಿಯ ತುಂಡೊಂದನ್ನು ಗಾಜಿನ ಕೊಳವೆಗೆ ಅಂಟಿಸಿ ಹಿಡಿ ಮಾಡಿಕೊಂಡೆ. ಸೋಡಿಯಂ ಹೈಡ್ರಾಕ್ಸೈಡ್‌ನ ದ್ರಾವಣವಿರುವ ಗಾಜಿನ ಪಾತ್ರೆಯಲ್ಲಿ ಒಂದು ಉಕ್ಕಿನ ಪಟ್ಟಿಯನ್ನು ಋಣಧ್ರುವವಾಗಿಟ್ಟು, ಟಂಗ್‌ಸ್ಟನ್ ತಂತಿಯನ್ನು ಧನಧ್ರುವಕ್ಕೆ ಸೇರಿಸಿ, ಕಡಿಮೆ ವೋಲ್ಟೇಜಿನ ಏಕಮುಖ ವಿದ್ಯುತ್ ಹರಿಸಿದಾಗ ತಂತಿ ದ್ರಾವಣದಲ್ಲಿ ಮುಳುಗಿದಲ್ಲೆಲ್ಲ ಸವೆಯುತ್ತದೆ. ತಂತಿಯನ್ನು ಮೇಲಕ್ಕೂ ಕೆಳಕ್ಕೂ ಒಂದೇ ಲಯದಲ್ಲಿ ಅದ್ದಿ ತೆಗೆಯುತ್ತಿದ್ದರೆ ತುದಿ ಹೆಚ್ಚು ಹೊತ್ತು ಒಳಗಿರುವುದರಿಂದ ಹೆಚ್ಚು ಸವೆದು, ಬುಡದಿಂದ ತುದಿಯವರೆಗೆ ಸಮವಾಗಿ ಸಪೂರವಾಗುತ್ತದೆ. ಸುಮ್ಮನೆ ಮುಳುಗಿಸಿಟ್ಟರೆ ದ್ರಾವಣದ ಮೇಲ್ಮೈಯ ಹತ್ತಿರ ಕತ್ತು ಬಂದು ಮುರಿಯುತ್ತದೆ. ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುವಂಥದ್ದು, ಕೈಗವಸು ಮತ್ತು ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಋಣಧ್ರುವದಲ್ಲಿ ಜಲಜನಕ ಹೊಮ್ಮುವುದರಿಂದ ಹತ್ತಿರದಲ್ಲಿ ಬೆಂಕಿಯೂ ಇರಬಾರದು.

ಎರಡು ಬಗೆಯ ಸೂಜಿಗಳನ್ನು ಮಾಡಿಕೊಂಡೆ. ಒಂದು ನೇರವಾಗಿ ಅತಿ ಚೂಪಾದದ್ದು, ಕೀಲನ್ನು ಕತ್ತರಿಸಲು. ಇನ್ನೊಂದು ತುದಿ ತುಸು ಬಾಗಿ ಮೊಂಡಾದದ್ದು, ಪ್ರಾಣಿಯನ್ನು ಒತ್ತಿ ಹಿಡಿಯಲು. ಹಿಡಿಯುವ ಸೂಜಿಯೂ ಚೂಪಾಗಿದ್ದರೆ ದೇಹ ತೂತಾಗುತ್ತದೆ, ಆದ್ದರಿಂದ ಮೊಂಡು ಸೂಜಿಗೂ ಅಷ್ಟೇ ಗಮನ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಅಳತೆಗೆ ಕಣ್ಣುಮಸೂರದಲ್ಲಿ ಕೂರಿಸುವ ಮೈಕ್ರೋಮೀಟರನ್ನು ಪ್ರತಿ ವರ್ಧನೆಗೂ ಬೇರೆಬೇರೆಯಾಗಿ ಹೊಂದಿಸಬೇಕು. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಗಾಜಿನ ಅಳತೆಪಟ್ಟಿಯನ್ನು ವೇದಿಕೆಯ ಮೇಲಿಟ್ಟರೆ ಅದರ ಒಂದು ಗೆರೆಯಂತರ 10 ಮೈಕ್ರೋಮೀಟರ್. ಕಣ್ಣುಮಸೂರದ ನೂರು ಗೆರೆಗಳು ಆ ಪಟ್ಟಿಯ ಎಷ್ಟು ಗೆರೆಗಳನ್ನು ಮುಚ್ಚುತ್ತವೆ ಎಂದು ನೋಡಿ ಭಾಗಿಸಿದರೆ ಆ ವರ್ಧನೆಯ ಗುಣಕ ಸಿಗುತ್ತದೆ. ಸೂಕ್ಷ್ಮದರ್ಶಕದ ನೋಟವನ್ನೂ ಕಾಗದವನ್ನೂ ಒಟ್ಟಿಗೆ ಕಾಣಿಸುವ, ಚಿತ್ರ ಬರೆಯುವ ಕೊಳವೆಯನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಮೇಲೆ ಇದೇ ಪಟ್ಟಿಯನ್ನು ಕಾಗದದ ಮೇಲೂ ಎಳೆದು, ಪ್ರತಿ ಚಿತ್ರದ ಪಕ್ಕದಲ್ಲಿ ಹಾಕಬೇಕಾದ ಅಳತೆಗೆರೆಯನ್ನು ಅದರಿಂದಲೇ ಪಡೆದೆ. ವರ್ಧನೆಯ ಸಂಖ್ಯೆ ಬರೆದರೆ ಚಿತ್ರವನ್ನು ಹಿಗ್ಗಿಸಿದಾಗಲೋ ಕುಗ್ಗಿಸಿದಾಗಲೋ ಸುಳ್ಳಾಗುತ್ತದೆ. ಅಳತೆಗೆರೆ ಚಿತ್ರದೊಡನೆಯೇ ಹಿಗ್ಗಿ ಕುಗ್ಗುತ್ತದೆ.

ಇಡೀ ಪ್ರಾಣಿ

ಆಯ್ದ ಹೆಣ್ಣುಗಳನ್ನು ಗ್ಲಿಸರಿನ್ ಬೆರೆತ ದುರ್ಬಲ ಆಲ್ಕೋಹಾಲ್‌ನಲ್ಲಿಟ್ಟು, ಧೂಳು ಬೀಳದಂತೆ ಸಡಿಲವಾಗಿ ಮುಚ್ಚಿ, ಆಲ್ಕೋಹಾಲ್ ತಾನಾಗಿ ಆವಿಯಾಗಿ ಗ್ಲಿಸರಿನ್ ಮಾತ್ರ ಉಳಿಯುವವರೆಗೆ ಬಿಟ್ಟೆ. ನೇರವಾಗಿ ಶುದ್ಧ ಗ್ಲಿಸರಿನ್‌ಗೆ ಹಾಕಿದರೆ ಒಳಗಿನ ನೀರು ಒಮ್ಮೆಲೇ ಹೊರಬಂದು ದೇಹ ಕುಸಿಯುತ್ತದೆ. ಆಮೇಲೆ ಕುಳಿಯುಳ್ಳ ಸ್ಲೈಡಿನಲ್ಲಿ ಕವರ್‌ಸ್ಲಿಪ್‌ನ ಭಾರ ಬೀಳದಂತೆ ಇಟ್ಟು ಬೆನ್ನಿನ ಕಡೆಯಿಂದಲೂ ಪಕ್ಕದಿಂದಲೂ ಚಿತ್ರಿಸಿದೆ. ಪಕ್ಕದ ನೋಟವನ್ನು ಬಿಟ್ಟುಬಿಡುವ ಅಭ್ಯಾಸ ಹಳೆಯ ವಿವರಣೆಗಳಲ್ಲಿ ಸಾಕಷ್ಟಿದೆ. ಅದರ ನಷ್ಟವನ್ನು ಇಂದಿಗೂ ಅನುಭವಿಸುತ್ತಿದ್ದೇವೆ, ಏಕೆಂದರೆ ಜನನಖಂಡದ ಉಬ್ಬು, ಹಣೆಯ ಬಾಗು ಮತ್ತು ಕೊನೆಯ ಖಂಡದ ಮೂಲೆ ಪಕ್ಕದಿಂದಲೇ ಸರಿಯಾಗಿ ಕಾಣುವುದು.

ಒಟ್ಟು ಉದ್ದವನ್ನು ಹಣೆಯ ಮುಂಚಾಚಿನಿಂದ ಬಾಲಕವಲುಗಳ ತುದಿಯವರೆಗೆ ಅಳೆಯಬೇಕು. ಅಲ್ಲಿಂದಾಚೆಯ ಬಿರುಗೂದಲುಗಳನ್ನು ಸೇರಿಸುವಂತಿಲ್ಲ. ಯುರೋಸೋಮ್‌ನ ಖಂಡಗಳು ಒಂದರೊಳಗೊಂದು ಜಾರಿಕೊಳ್ಳುವುದರಿಂದ ಸಂರಕ್ಷಿಸಿದ ಪ್ರಾಣಿಯ ಒಟ್ಟು ಉದ್ದದಲ್ಲಿ ಏರುಪೇರು ಇರುತ್ತದೆ. ಆದ್ದರಿಂದ ಪ್ರೋಸೋಮ್‌ನ ಉದ್ದವನ್ನು ಬೇರೆಯಾಗಿ ಬರೆದು, ಹೋಲಿಕೆಗೆ ಅದನ್ನೇ ಆಧಾರ ಮಾಡಿಕೊಂಡೆ. ನನ್ನ ಹೆಣ್ಣುಗಳು ಒಂದು ಮಿಲಿಮೀಟರಿಗಿಂತ ತುಸು ಉದ್ದವಾಗಿದ್ದವು, ಗಂಡುಗಳು ಅದಕ್ಕಿಂತ ಚಿಕ್ಕವು. ಪ್ರೋಸೋಮ್‌ನ ಹಿಂಭಾಗದ ಮೂಲೆಗಳು ದುಂಡಗೆ, ಮುಳ್ಳಿಲ್ಲದೆ ಇದ್ದವು. ಹಣೆಯ ಕೆಳಗೆ ಎರಡು ಸಪೂರ ತಂತುಗಳು ಇಳಿದಿದ್ದವು. ಈ ತಂತುಗಳು ಬೆನ್ನಿನ ಕಡೆಯಿಂದ ಕಾಣುವುದಿಲ್ಲ, ತೊಳೆಯುವಾಗ ಮುರಿಯಲೂಬಹುದು. ಪ್ರಾಣಿಯನ್ನು ಮಗುಚಿ, ಹಲವು ಪ್ರಾಣಿಗಳಲ್ಲಿ ನೋಡಿ, ಮುರಿದಲ್ಲಿಯೂ ಬುಡದ ಗುರುತು ಉಂಟೆಂದು ಖಚಿತವಾದ ಮೇಲೆಯೇ ಅವು ಇವೆಯೆಂದು ಬರೆದೆ.

ಬಿಡಿಸುವಿಕೆ

ಬಿಡಿಸುವ ಪ್ರಾಣಿಯನ್ನು ಲ್ಯಾಕ್ಟಿಕ್ ಆಮ್ಲದ ಹನಿಯಲ್ಲಿಟ್ಟೆ. ಆಮ್ಲವು ಸ್ನಾಯುಗಳನ್ನು ಪಾರದರ್ಶಕಗೊಳಿಸಿ, ಕೈಟಿನ್‌ನಿಂದಾದ ಹೊರಕವಚದ ಗೆರೆಗಳನ್ನು ಮಾತ್ರ ಉಳಿಸುತ್ತದೆ, ಕೀಲುಗಳೂ ಸಡಿಲವಾಗುತ್ತವೆ. ತೀರ ಪಾರದರ್ಶಕವಾದರೆ ಅಂಚುಗಳೇ ಕಾಣದಂತಾಗುವುದರಿಂದ, ಕೈಟಿನ್‌ಗೆ ಬಣ್ಣ ಹಿಡಿಸುವ ಕ್ಲೋರಜಾಲ್ ಬ್ಲ್ಯಾಕ್ ಎಂಬ ಬಣ್ಣವನ್ನು ಕೊಂಚವೇ ಬೆರೆಸಿದೆ. ಬಣ್ಣ ಗಾಢವಾದರೆ ಸಣ್ಣ ಕೂದಲುಗಳೆಲ್ಲ ಒಂದಕ್ಕೊಂದು ಬೆರೆತು ಕಾಣುತ್ತವೆ, ನಸು ನೀಲಿಯ ಛಾಯೆಯೇ ಸಾಕು.

ಕೆಲಸ ಹಿಂದಿನಿಂದ ಮುಂದಕ್ಕೆ ಸಾಗಬೇಕು. ಮೊದಲು ಯುರೋಸೋಮನ್ನು ಬೇರ್ಪಡಿಸಿ, ಆಮೇಲೆ ಐದನೆಯ ಕಾಲುಜೋಡಿಯನ್ನು ತೆಗೆದು ಅದನ್ನು ಆ ಕ್ಷಣವೇ ಬೇರೆ ಹನಿಗೆ ಸಾಗಿಸಬೇಕು. ಅಕಾರ್ಟಿಯಾದ ಹೆಣ್ಣಿನಲ್ಲಿ ಈ ಕಾಲು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನದು. ಹನಿಯ ಅಂಚಿಗೆ ಹೋದರೆ ಅದನ್ನು ಹುಡುಕುವುದು ದುಸ್ಸಾಧ್ಯ. ಅದಾದ ಮೇಲೆ ನಾಲ್ಕನೆಯ, ಮೂರನೆಯ, ಎರಡನೆಯ, ಮೊದಲನೆಯ ಈಜುಕಾಲುಗಳು. ಪ್ರತಿ ಜೋಡಿಯ ಎಡಬಲ ಕಾಲುಗಳನ್ನು ಬೆಸೆಯುವ ತಟ್ಟೆ ಹರಿಯದಂತೆ ಜೋಡಿಯಾಗಿಯೇ ತೆಗೆಯಬೇಕು. ಆ ತಟ್ಟೆಯ ಅಂಚಿನ ಕೂದಲುಗಳೂ ಕೆಲವೊಮ್ಮೆ ಗುರುತಿಗೆ ಬೇಕಾಗುತ್ತವೆ. ಕೊನೆಗೆ ಬಾಯಿಯ ಅಂಗಗಳು. ಇವುಗಳಲ್ಲಿ ಅಕಾರ್ಟಿಯಾದ ದೊಡ್ಡ ಮ್ಯಾಕ್ಸಿಲ್ಲಾ ನೋಡಲು ಬಹಳ ಚೆಂದ: ಗಟ್ಟಿ ಬಿರುಗೂದಲುಗಳ ಮೇಲೆ ಸಾಲಾಗಿ ಸಣ್ಣ ಮುಳ್ಳುಗಳಿದ್ದು, ಆಹಾರವನ್ನು ಹಿಡಿಯುವ ಬುಟ್ಟಿಯಂತೆ ಬಾಯಿಯ ಎರಡು ಬದಿಯಲ್ಲೂ ಚಾಚಿಕೊಂಡಿರುತ್ತದೆ. ಅದರ ಹಿಂದಿನ ಮ್ಯಾಕ್ಸಿಲಿಪೆಡ್ ಇದಕ್ಕೆ ಹೋಲಿಸಿದರೆ ಚಿಕ್ಕದು.

ಐದನೆಯ ಕಾಲನ್ನು ಕೂಡಲೇ ಕವರ್‌ಸ್ಲಿಪ್ ಒತ್ತಿ ಚಪ್ಪಟೆ ಮಾಡಬಾರದು ಎಂಬುದನ್ನು ಈ ಕೆಲಸದ ಅತಿಮುಖ್ಯ ನಿಯಮವೆಂದೇ ಎಣಿಸುತ್ತೇನೆ. ಒತ್ತಿದಾಗ ಖಂಡಗಳು ಅಗಲವಾಗುತ್ತವೆ, ಮುಳ್ಳಿನ ಬಾಗು ನೆಟ್ಟಗಾಗುತ್ತದೆ, ಆ ತಪ್ಪು ಆಕಾರವೇ ಚಿತ್ರವಾಗಿ ಶಾಶ್ವತವಾಗುತ್ತದೆ. 1964ರಲ್ಲಿ ಹ್ಯೂಮ್ಸ್ ಮತ್ತು ಗೂಡಿಂಗ್ ಪ್ರಕಟಿಸಿದ ವಿಧಾನದಲ್ಲಿ, ನಡುವೆ ರಂಧ್ರವಿರುವ ಮರದ ತೆಳುಹಲಗೆಗೆ ಕವರ್‌ಸ್ಲಿಪ್ ಅಂಟಿಸಿ, ಅದರ ಕೆಳಮೈಗೆ ಲ್ಯಾಕ್ಟಿಕ್ ಆಮ್ಲದ ಹನಿಯನ್ನು ತೂಗಿಬಿಟ್ಟು, ಅಂಗವನ್ನು ಆ ಹನಿಯಲ್ಲಿಟ್ಟು ನೋಡುತ್ತಾರೆ. ಅಂಗದ ಮೇಲೆ ಯಾವ ಭಾರವೂ ಇರುವುದಿಲ್ಲ. ಹಲಗೆಯನ್ನು ತಿರುವಿ, ಅಂಗವನ್ನು ಸೂಜಿಯಿಂದ ಬೇಕಾದ ಬದಿಗೆ ಮಗುಚಿ, ಮತ್ತೆ ನೋಡಬಹುದು. ಹಲಗೆಯ ಬದಲು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ರಂಧ್ರ ಕೊರೆದು ನಾನು ಇದನ್ನೇ ಮಾಡಿಕೊಂಡೆ. ಹೆಣ್ಣಿನ ಐದನೆಯ ಕಾಲನ್ನು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಹೀಗೆ ತೂಗುಹನಿಯಲ್ಲಿಯೇ ಚಿತ್ರಿಸಿ ಮುಗಿಸಿದ ಬಳಿಕವೇ ಶಾಶ್ವತ ಸ್ಲೈಡಿಗೆ ಸಾಗಿಸಿದೆ. ಶಾಶ್ವತ ಸ್ಲೈಡಿನಲ್ಲಿಯೂ ಒಡೆದ ಕವರ್‌ಸ್ಲಿಪ್‌ನ ಸಣ್ಣ ಚೂರುಗಳನ್ನು ಮೂಲೆಗಳಲ್ಲಿಟ್ಟು, ಗ್ಲಿಸರಿನ್‌ನಲ್ಲಿ ಅಂಗವನ್ನು ಕೂರಿಸಿ, ಅಂಚನ್ನು ಪಾರದರ್ಶಕ ಉಗುರುಬಣ್ಣದಿಂದ ಎರಡು ಪದರ ಮುಚ್ಚಿದೆ.

ಈಜುಕಾಲುಗಳ ಮುಳ್ಳು ಮತ್ತು ಬಿರುಗೂದಲುಗಳ ಎಣಿಕೆಯನ್ನು ಸೂತ್ರವಾಗಿ ಬರೆಯುವುದು ವಾಡಿಕೆ. ರೋಮನ್ ಅಂಕಿ ಮುಳ್ಳಿಗೆ, ಸಾಮಾನ್ಯ ಅಂಕಿ ಬಿರುಗೂದಲಿಗೆ. ಮೊದಲು ಹೊರ ಅಂಚು, ಆಮೇಲೆ ಒಳ ಅಂಚು. ಕೊನೆಯ ಖಂಡದಲ್ಲಿ ಹೊರಗಿನದು, ತುದಿಯದು, ಒಳಗಿನದು ಎಂಬ ಅನುಕ್ರಮ. ಅಕಾರ್ಟಿಯಾದಲ್ಲಿ ಮೊದಲ ನಾಲ್ಕು ಕಾಲುಗಳ ಹೊರಕವಲು ಮೂರು ಖಂಡಗಳದು, ಒಳಕವಲು ಎರಡೇ ಖಂಡಗಳದು. ಕ್ಯಾಲನಾಯ್ಡಾಗಳಲ್ಲಿ ಒಳಕವಲಿಗೂ ಮೂರು ಖಂಡಗಳಿರುವ ಕುಲಗಳು ಬಹಳ ಇರುವುದರಿಂದ ಇದು ಒಳ್ಳೆಯ ಗುರುತು. ಎಣಿಸುವಾಗ ಕೂದಲನ್ನಲ್ಲ, ಅದು ನೆಟ್ಟಿರುವ ಕುಳಿಯನ್ನು ಎಣಿಸಬೇಕು. ಬಲೆಯಲ್ಲಿ ಉಜ್ಜಿಕೊಂಡ ಪ್ರಾಣಿಯಲ್ಲಿ ಮುರಿದ ಬಿರುಗೂದಲುಗಳು ಇದ್ದೇ ಇರುತ್ತವೆ, ಬುಡದ ಕುಳಿ ಮಾತ್ರ ಮುರಿಯುವುದಿಲ್ಲ. ಎಡ ಮತ್ತು ಬಲ ಕಾಲುಗಳ ಎಣಿಕೆ ಹೊಂದದಿದ್ದರೆ ಇನ್ನೊಂದು ಪ್ರಾಣಿಯನ್ನು ಬಿಡಿಸಿ ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ಗಂಡಿನ ಐದನೆಯ ಕಾಲುಜೋಡಿಯಲ್ಲಿ ಎಡ ಬಲಗಳು ಒಂದರಂತೆ ಒಂದಿಲ್ಲ. ಮುಂಭಾಗ ಯಾವುದು, ಹಿಂಭಾಗ ಯಾವುದು ಎಂಬುದು ಬಿಡಿಸಿದ ಮೇಲೆ ಮರೆತುಹೋದರೆ ಎಡಬಲಗಳೇ ಅದಲುಬದಲಾಗುತ್ತವೆ. ಆದ್ದರಿಂದ ಕಾಲುಜೋಡಿ ಪ್ರೋಸೋಮ್‌ಗೆ ಅಂಟಿಕೊಂಡಿರುವಾಗಲೇ ಒಂದು ಸ್ಥೂಲ ಚಿತ್ರ ಬರೆದಿಟ್ಟು, ಬಿಡಿಸಿದ ನಂತರದ ಸೂಕ್ಷ್ಮ ಚಿತ್ರವನ್ನು ಅದಕ್ಕೆ ಹೊಂದಿಸಿ ನೋಡಿದೆ.

ಹೆಸರಿನ ಕಡೆಗೆ

ಹಣೆಯ ತಂತುಗಳು ಇದ್ದುದರಿಂದ, ತಂತುಗಳಿಲ್ಲದ ಅಕಾರ್ಟಿಯೂರಾ ಉಪಕುಲ ಕೈಬಿಟ್ಟುಹೋಯಿತು. ಗೀಸ್‌ಬ್ರೆಕ್ಟ್ 1889ರಲ್ಲಿ ಹೆಸರಿಟ್ಟ ಅಕಾರ್ಟಿಯಾ ಕ್ಲಾಸಿ ಈ ಉಪಕುಲದ್ದು. ಅದೂ ಅಕಾರ್ಟಿಯಾ ಟೊನ್ಸಾ ಎಂಬ ಪ್ರಭೇದವೂ ಒಂದೇ ನೀರಿನಲ್ಲಿ ಸಿಗಬಹುದಾದ್ದರಿಂದ ಈ ಹೆಜ್ಜೆ ದೊಡ್ಡದು. ಉಳಿದ ಲಕ್ಷಣಗಳು, ಅಂದರೆ ಮುಳ್ಳಿಲ್ಲದ ದುಂಡು ಮೂಲೆಗಳು, ಗಿಡ್ಡನೆಯ ಬಾಲಕವಲುಗಳು, ಹೆಣ್ಣಿನ ಐದನೆಯ ಕಾಲಿನಲ್ಲಿ ಬುಡ ಉಬ್ಬಿ ಮುಂದೆ ಒಮ್ಮೆಲೇ ಸಪೂರವಾಗುವ ತುದಿಮುಳ್ಳು, ಅದರ ಪಕ್ಕದ ಉದ್ದನೆಯ ಗರಿಗೂದಲು, ಇವೆಲ್ಲ ಅಕಾರ್ಟಿಯಾ ಟೊನ್ಸಾದ ಪ್ರಕಟಿತ ವಿವರಣೆಗಳಿಗೆ ಹೊಂದಿದವು. ತುದಿಮುಳ್ಳಿನ ಅಂಚಿನ ಸಣ್ಣ ಹಲ್ಲುಗಳನ್ನು ನೋಡಲು ನೂರು ಪಟ್ಟು ವರ್ಧಿಸುವ ಎಣ್ಣೆಮಸೂರವೇ ಬೇಕಾಯಿತು. ಅದಕ್ಕಿಂತ ಕಡಿಮೆ ವರ್ಧನೆಯಲ್ಲಿ ಮುಳ್ಳು ನುಣುಪಾಗಿಯೇ ಕಾಣುತ್ತದೆ.

ಲಕ್ಷಣಗಳ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತ ಹೆಸರಿನತ್ತ ಒಯ್ಯುವ ಗುರುತಿನ ಕೀಲಿಯ ಕೊನೆಯ ಸಾಲನ್ನು ತಲುಪಿದ ಮಾತ್ರಕ್ಕೆ ನಾನು ಅಲ್ಲಿ ನಿಲ್ಲಲಿಲ್ಲ. ಕೀಲಿ ತನ್ನೊಳಗಿರುವ ಹೆಸರುಗಳಲ್ಲಿ ಒಂದನ್ನು ಕೊಟ್ಟೇ ಕೊಡುತ್ತದೆ, ಪ್ರಾಣಿ ಆ ಪಟ್ಟಿಯಲ್ಲೇ ಇಲ್ಲದಿದ್ದರೂ ಸಹ. ಕೀಲಿಯಿಂದ ಬಂದ ಹೆಸರನ್ನು ಊಹೆಯೆಂದು ಹಿಡಿದು, ಕೀಲಿಯಲ್ಲಿ ಕೇಳದ ಲಕ್ಷಣಗಳನ್ನೂ ಪೂರ್ಣ ವಿವರಣೆಯೊಡನೆ ಒಂದೊಂದಾಗಿ ಹೋಲಿಸಬೇಕು. ಅಕಾರ್ಟಿಯಾ ಕುಲದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅಕಾರ್ಟಿಯಾ ಕ್ಲಾಸಿ ಎಂಬ ಹೆಸರನ್ನು ಬಹುಕಾಲ ದೂರದೂರದ ಕರಾವಳಿಗಳ ಪ್ರಾಣಿಗಳಿಗೆ ಹಚ್ಚಲಾಗುತ್ತಿತ್ತು. 1976ರಲ್ಲಿ ಬ್ರಾಡ್‌ಫೋರ್ಡ್ ಈ ಉಪಕುಲವನ್ನು ಪರಿಷ್ಕರಿಸಿದಾಗ ಉತ್ತರ ಅಮೆರಿಕದ ಪ್ರಾಣಿ ಬೇರೆ ಪ್ರಭೇದವೆಂದು ತಿಳಿದು, ಪಿನ್ಹೇ 1926ರಲ್ಲಿ ಇಟ್ಟಿದ್ದ ಅಕಾರ್ಟಿಯಾ ಹಡ್ಸೋನಿಕಾ ಎಂಬ ಹೆಸರಿಗೆ ಮತ್ತೆ ಸ್ಥಾನ ಬಂತು. ಅದಕ್ಕೆ ಮೊದಲಿನ ಸಮೀಕ್ಷೆಗಳಲ್ಲಿ ಚಿತ್ರವಾಗಲೀ ಕಾಪಿಟ್ಟ ಪ್ರಾಣಿಯಾಗಲೀ ಇದ್ದಲ್ಲಿ ಹೆಸರನ್ನು ತಿದ್ದಬಹುದು, ಬರಿಯ ಹೆಸರೊಂದೇ ಉಳಿದಲ್ಲಿ ತಿದ್ದಲು ಏನೂ ಇರುವುದಿಲ್ಲ.

ಅಕಾರ್ಟಿಯಾ ಟೊನ್ಸಾದ ವಿಷಯ ಇನ್ನೂ ತೊಡಕಿನದು. 1838ರಿಂದ 1842ರವರೆಗೆ ನಡೆದ ಅಮೆರಿಕದ ಅನ್ವೇಷಣಾ ಯಾನದಲ್ಲಿದ್ದ ಡೇನಾ 1849ರಲ್ಲಿ ಲ್ಯಾಟಿನ್ ಭಾಷೆಯಲ್ಲಿ, ಕೆಲವೇ ಸಾಲುಗಳಲ್ಲಿ ಇದನ್ನು ವಿವರಿಸಿದರು. ಆ ಕಾಲಕ್ಕೆ ಅದು ಸಾಕಾಗಿತ್ತು. ಇಂದು ಒಂದಕ್ಕೊಂದು ಹೋಲುವ ಪ್ರಭೇದಗಳನ್ನು ಬೇರ್ಪಡಿಸಲು ಸಾಲದು. ಯುರೋಪಿನ ನೀರಿನಲ್ಲಿ ಇದು ಮೊದಲು ದಾಖಲಾದದ್ದು 1920ರ ದಶಕದಲ್ಲಿ, ಬಹುಶಃ ಹಡಗುಗಳ ಮೂಲಕ ಬಂದು. ತಳದ ಕೆಸರಿನಲ್ಲಿ ಸುಪ್ತವಾಗಿ ಉಳಿಯುವ ಮೊಟ್ಟೆಗಳನ್ನೂ ಇದು ಇಡಬಲ್ಲದು. ಇಂಥ ಪ್ರಾಣಿಯ ವಿಷಯದಲ್ಲಿ ಸಿಕ್ಕಿದ ಸ್ಥಳವನ್ನು ಗುರುತಿನ ಪುರಾವೆಯಾಗಿ ಬಳಸಲು ಬರುವುದಿಲ್ಲ. ಅದರ ಮೇಲೆ, ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಅಕಾರ್ಟಿಯಾ ಟೊನ್ಸಾಗಳ ಮೈಟೊಕಾಂಡ್ರಿಯದ ಡಿಎನ್‌ಎ ಪರೀಕ್ಷಿಸಿದಾಗ, ಕಣ್ಣಿಗೆ ಒಂದೇ ಆಗಿ ಕಾಣುವ ಇವುಗಳಲ್ಲಿ ಬಹು ಹಿಂದೆಯೇ ಕವಲೊಡೆದ ಹಲವು ವಂಶಗಳಿರುವುದೂ, ಅವುಗಳ ಹಂಚಿಕೆ ನೀರಿನ ಲವಣಾಂಶಕ್ಕೆ ತಕ್ಕಂತೆ ಬೇರೆಯಾಗುವುದೂ ಕಂಡುಬಂದಿದೆ. ಬಲೆ ಎಳೆದ ಕೂಡಲೇ ಲವಣಾಂಶ ಬರೆದುಕೊಂಡದ್ದು ಈ ಕಾರಣಕ್ಕಾಗಿಯೇ.

ಆದುದರಿಂದ ನನ್ನ ಸ್ಲೈಡುಗಳ ಮೇಲೆ ಬರೆದ ಹೆಸರು ಸದ್ಯಕ್ಕೆ ಅಕಾರ್ಟಿಯಾ ಸಿ.ಎಫ್. ಟೊನ್ಸಾ. ಆ ಎರಡು ಅಕ್ಷರಗಳು ಪ್ರಾಣಿ ಈ ಪ್ರಭೇದಕ್ಕೆ ಹೋಲುತ್ತದೆ, ಇನ್ನೂ ಹೋಲಿಸಿ ನೋಡುವುದು ಬಾಕಿಯಿದೆ ಎಂದು ಓದುವವರಿಗೆ ತಿಳಿಸುತ್ತವೆ. ಅವನ್ನು ಬಿಟ್ಟು ಬರೆದರೆ ಹೆಸರು ನೋಡಲು ನಿಶ್ಚಿತವೆನಿಸುತ್ತದೆ, ಆ ನಿಶ್ಚಯಕ್ಕೆ ನನ್ನಲ್ಲಿ ಪುರಾವೆಯಿಲ್ಲ.

ವಿವರಣೆಯನ್ನು ಬರೆದದ್ದು

ವಿವರಣೆಯ ಗದ್ಯದಲ್ಲಿ ಅಂಗಗಳ ಅನುಕ್ರಮ ಮುಂದಿನಿಂದ ಹಿಂದಕ್ಕೆ: ದೇಹದ ಒಟ್ಟು ರೂಪ, ಮೊದಲ ಮತ್ತು ಎರಡನೆಯ ಕುಡಿಮೀಸೆಗಳು, ದವಡೆ, ಎರಡು ಮ್ಯಾಕ್ಸಿಲ್ಲಾಗಳು, ಮ್ಯಾಕ್ಸಿಲಿಪೆಡ್, ಐದು ಜೋಡಿ ಕಾಲುಗಳು. ಬಿಡಿಸುವ ಕ್ರಮಕ್ಕೆ ಇದು ತದ್ವಿರುದ್ಧವಾದ್ದರಿಂದ ಬಿಡಿಸುವಾಗಿನ ಟಿಪ್ಪಣಿಗಳನ್ನು ಹಾಗೆಯೇ ನಕಲಿಸದೆ, ಪ್ರತಿ ಅಂಗದ ಸ್ಲೈಡನ್ನು ಮತ್ತೊಮ್ಮೆ ಎದುರಿಗಿಟ್ಟುಕೊಂಡು ಬರೆದೆ. ಮೊದಲು ಹೆಣ್ಣಿನ ಪೂರ್ಣ ವಿವರಣೆ. ಆಮೇಲೆ ಗಂಡಿನಲ್ಲಿ ಅದಕ್ಕಿಂತ ಭಿನ್ನವಾದುದಷ್ಟೇ. ಪ್ರತಿ ವಾಕ್ಯವೂ ಯಾವ ಸ್ಲೈಡಿನಿಂದ ಬಂತೆಂದು ಅಂಚಿನಲ್ಲಿ ಸ್ಲೈಡಿನ ಸಂಖ್ಯೆ ಹಾಕಿದೆ. ಒಂದೇ ಪ್ರಾಣಿಯಲ್ಲಿ ಕಂಡದ್ದನ್ನು ಎಲ್ಲ ಪ್ರಾಣಿಗಳಲ್ಲಿಯೂ ಕಂಡಂತೆ ಬರೆಯುವ ಅಪಾಯ ಇದರಿಂದ ತಪ್ಪುತ್ತದೆ. ಮುಳ್ಳು ಉದ್ದ, ಖಂಡ ಅಗಲ ಎಂಬ ಮಾತುಗಳನ್ನು ಎಲ್ಲಿಯೂ ಒಂಟಿಯಾಗಿ ಬಿಡಲಿಲ್ಲ. ಯಾವುದಕ್ಕಿಂತ ಉದ್ದ, ಅಗಲದ ಎಷ್ಟು ಪಟ್ಟು ಎಂದು ಅನುಪಾತವಾಗಿ ಬರೆದೆ.

ಹೊಸ ಪ್ರಭೇದವೆಂದು ತೀರ್ಮಾನಿಸುವ ಸಂದರ್ಭ ಬಂದರೆ ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯ ನಿಯಮಗಳನ್ನು ಪಾಲಿಸಬೇಕು. 2000ದ ಜನವರಿ 1ರಿಂದ ಜಾರಿಯಲ್ಲಿರುವ ನಾಲ್ಕನೆಯ ಆವೃತ್ತಿಯ ಪ್ರಕಾರ ಹೊಸ ಹೆಸರಿಗೆ ಆಧಾರವಾದ ಮಾದರಿ ಪ್ರಾಣಿ ಯಾವುದೆಂದು ಸ್ಪಷ್ಟವಾಗಿ ಘೋಷಿಸಿ, ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗಿದೆ ಅಥವಾ ಇಡಲಾಗುವುದು ಎಂದು ಹೇಳಬೇಕು. ವಿದ್ಯುನ್ಮಾನ ರೂಪದಲ್ಲಿ ಮಾತ್ರ ಪ್ರಕಟವಾಗುವ ಕೃತಿಯನ್ನು ಪ್ರಾಣಿನಾಮಗಳ ಅಧಿಕೃತ ನೋಂದಣಿಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಬೇಕೆಂಬುದು 2012ರ ತಿದ್ದುಪಡಿ. ಕೋಪಿಪಾಡ್‌ಗಳಲ್ಲಿ ಮಾದರಿ ಪ್ರಾಣಿಯನ್ನು ಆರಿಸುವುದು ಕಷ್ಟದ ವಿಷಯ. ಬಿಡಿಸದೆ ಇಟ್ಟರೆ ಸೂಕ್ಷ್ಮ ಅಂಗಗಳು ಕಾಣವು, ಬಿಡಿಸಿದರೆ ಒಂದೇ ಪ್ರಾಣಿ ಹಲವು ಸ್ಲೈಡುಗಳಲ್ಲಿ ಹಂಚಿಹೋಗುತ್ತದೆ. ಮುಖ್ಯ ಮಾದರಿಯನ್ನು ಇಡಿಯಾಗಿ ಉಳಿಸಿ, ಅದೇ ಬಲೆಯ ಬೇರೆ ಹೆಣ್ಣುಗಳನ್ನು ಬಿಡಿಸಿ ಉಪಮಾದರಿಗಳಾಗಿ ಇಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಮುಂದೊಂದು ದಿನ ಬೇರೊಬ್ಬರು ಬೇರೊಂದು ಪ್ರಶ್ನೆಯೊಡನೆ ಬಂದಾಗ ಇಡೀ ಪ್ರಾಣಿಯೊಂದು ಅವರಿಗೆ ಸಿಗಬೇಕು.

ಎಥನಾಲ್‌ನಲ್ಲಿಟ್ಟ ಪಾಲಿನಿಂದ ಪ್ರಭೇದಗಳನ್ನು ಗುರುತಿಸಲು ಬಳಸುವ, ಮೈಟೊಕಾಂಡ್ರಿಯದ ಸಿಒಐ ಎಂಬ ಜೀನಿನ ಅನುಕ್ರಮ ಪಡೆಯುವುದು ಉಳಿದಿರುವ ಕೆಲಸ. ಇದಕ್ಕೆ ಫೋಲ್ಮರ್ ಮತ್ತು ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಪ್ರೈಮರ್ ಜೋಡಿಯನ್ನು, ಅಂದರೆ ಬೇಕಾದ ಜೀನಿನ ನಕಲು ಶುರುವಾಗುವ ಜಾಗವನ್ನು ಗುರುತಿಸುವ ಗಿಡ್ಡ ಡಿಎನ್‌ಎ ತುಣುಕುಗಳನ್ನು, ಬಳಸುವುದು ರೂಢಿ. ಪ್ರಾಣಿಯನ್ನು ಅರೆದುಬಿಡದೆ ಕಿಣ್ವದಲ್ಲಿ ನೆನೆಸಿ ಒಳಗಿನ ಅಂಗಾಂಶವನ್ನು ಮಾತ್ರ ಕರಗಿಸಿದರೆ, ಡಿಎನ್‌ಎ ದ್ರವಕ್ಕೆ ಬರುತ್ತದೆ, ಕೈಟಿನ್‌ನ ಕವಚ ಹಾಗೆಯೇ ಉಳಿಯುತ್ತದೆ. ಆ ಕವಚವನ್ನೇ ಬಿಡಿಸಿ ಸ್ಲೈಡಿಗೆ ಸೇರಿಸಿದರೆ ಅನುಕ್ರಮವೂ ಚಿತ್ರವೂ ಒಂದೇ ಪ್ರಾಣಿಯವೆಂದು ಹೇಳಬಹುದು. ಸಾರ್ವಜನಿಕ ಅನುಕ್ರಮ ಸಂಗ್ರಹಗಳಲ್ಲಿಯೂ ತಪ್ಪು ಹೆಸರಿನ ನಮೂದುಗಳು ಇರುವುದರಿಂದ, ಹೋಲಿಕೆಗೆ ಕವಚವನ್ನು ಕಾಪಿಟ್ಟಿರುವ ಪ್ರಾಣಿಗಳ ಅನುಕ್ರಮಗಳನ್ನೇ ಮೊದಲು ಆರಿಸಿಕೊಳ್ಳಬೇಕೆಂದಿದ್ದೇನೆ. ಅಲ್ಲಿಯವರೆಗೆ ಬಿಡಿಸಿದ ಪ್ರಾಣಿಗಳ ಸ್ಲೈಡುಗಳು, ಬಿಡಿಸದ ಹೆಣ್ಣು ಗಂಡುಗಳ ಕುಪ್ಪಿ, ಪೆನ್ಸಿಲ್ ಚಿತ್ರಗಳು, ಲವಣಾಂಶ ಮತ್ತು ಉಷ್ಣತೆಯ ಟಿಪ್ಪಣಿ ಎಲ್ಲಕ್ಕೂ ಒಂದೇ ಸರಣಿಯ ಸಂಖ್ಯೆ ಹಾಕಿ, ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಲು ಒಂದೆಡೆ ಕಟ್ಟಿಟ್ಟಿದ್ದೇನೆ.